ಸಿಯೆನಾದ ಭಿತ್ತಿಚಿತ್ರ: ಸಂಕೇತವೂ ಸಮಾಜವೂ

ಸಾಂಕೇತಿಕ ಚಿತ್ರವನ್ನು ಅರ್ಥೈಸುವಾಗ, ತಕ್ಕಡಿಯೆಂದರೆ ನ್ಯಾಯ, ಖಡ್ಗವೆಂದರೆ ಶಕ್ತಿ ಎಂದು ಪಟ್ಟಿಮಾಡಿ ತೃಪ್ತರಾಗುವ ರೂಢಿಯೊಂದುಂಟು. ಬೆಡಗಿನ ವಚನಗಳಿಗೆ ಟೀಕೆ ಬರೆಯುವವರೂ ಒಮ್ಮೊಮ್ಮೆ ಹೀಗೆಯೇ ಮಾಡುತ್ತಾರೆ. ಆದರೆ ಸಂಕೇತದ ಅರ್ಥ ತಿಳಿದ ಮಾತ್ರಕ್ಕೆ ಕೃತಿಯ ಅರ್ಥ ತಿಳಿದಂತಾಗದು. ಅದನ್ನು ಯಾರು, ಯಾರಿಗಾಗಿ, ಎಂತಹ ಕಾಲದಲ್ಲಿ ಬರೆಯಿಸಿದರೆಂಬ ವಿಚಾರವೂ ಅಷ್ಟೇ ಮುಖ್ಯ. ಇಟಲಿಯ ಸಿಯೆನಾ ನಗರದ ಭಿತ್ತಿಚಿತ್ರಗಳು ಇದಕ್ಕೆ ನಿದರ್ಶನ.

ಅಲ್ಲಿಯ ಪುರಭವನದ ಸಭಾಂಗಣವೊಂದರ ಮೂರು ಗೋಡೆಗಳ ಮೇಲೆ ಆಂಬ್ರೋಜಿಯೊ ಲೊರೆಂಜೆಟ್ಟಿಯು 1338-39ರಲ್ಲಿ ಸುರಾಜ್ಯವನ್ನೂ ದುಷ್ಟರಾಜ್ಯವನ್ನೂ ಚಿತ್ರಿಸಿದನು. ನ್ಯಾಯದೇವತೆಯ ತಕ್ಕಡಿಯ ಎರಡು ತಟ್ಟೆಗಳಿಂದ ಇಳಿದ ದಾರಗಳು ಐಕಮತ್ಯವೆಂಬ ಸ್ತ್ರೀಯ ಕೈಯಲ್ಲಿ ಒಂದಾಗಿ, ಸಾಲಾಗಿ ನಿಂತ 24 ಮಂದಿ ನಾಗರಿಕರ ಕೈಗಳನ್ನು ಹಾದು, ಸಾರ್ವಜನಿಕ ಹಿತದ ಪ್ರತೀಕವಾದ ವೃದ್ಧ ಪ್ರಭುವಿನ ಕೈಯನ್ನು ಸೇರುತ್ತವೆ. ಪ್ರಭುವು ಪ್ರಜೆಗಳನ್ನು ಕಟ್ಟಿಲ್ಲ. ಪ್ರಜೆಗಳು ಹಿಡಿದ ಹಗ್ಗವೇ ಪ್ರಭುವನ್ನು ಕಟ್ಟಿದೆ. ಐಕಮತ್ಯದ ಮಡಿಲಲ್ಲಿ ಬಡಗಿಯ ಉಜ್ಜುಗೊರಡು ಇದೆ. ಎದುರು ಪಕ್ಷದಲ್ಲಿ, ಕೊಂಬುಳ್ಳ ದಬ್ಬಾಳಿಕೆಯ ಪರಿವಾರದಲ್ಲಿ, ಒಡಕು ಎಂಬವಳ ಕೈಯಲ್ಲಿರುವುದು ಗರಗಸ. ಎರಡೂ ಒಂದೇ ಕಸುಬಿನ ಉಪಕರಣಗಳು. ಒಂದು ಉಬ್ಬುತಗ್ಗುಗಳನ್ನು ಸಮಮಾಡುತ್ತದೆ, ಇನ್ನೊಂದು ಸೀಳುತ್ತದೆ.

ವಿದ್ವಾಂಸರಲ್ಲಿ ನಿಕೊಲಾಯ್ ರೂಬಿನ್‌ಸ್ಟೈನ್ ಅವರು ಈ ಚಿತ್ರದ ಮೂಲವನ್ನು ಅರಿಸ್ಟಾಟಲ್, ಥಾಮಸ್ ಅಕ್ವೈನಸರ ಚಿಂತನೆಯಲ್ಲಿ ಕಂಡರು. ಕ್ವೆಂಟಿನ್ ಸ್ಕಿನ್ನರ್ ಅವರು ರೋಮನ್ ಪರಂಪರೆಯ ನಾಗರಿಕ ಗ್ರಂಥಗಳಲ್ಲಿ ಕಂಡರು. ಎರಡೂ ಉಪಯುಕ್ತ ವ್ಯಾಖ್ಯಾನಗಳೇ. ಆದರೆ ಗ್ರಂಥಮೂಲವನ್ನು ಹುಡುಕುವ ಭರದಲ್ಲಿ ಆ ಕೋಣೆಯಲ್ಲಿ ಕುಳಿತಿದ್ದವರನ್ನು ನಾವು ಮರೆಯಲಾಗದು.

1287ರಿಂದ 1355ರವರೆಗೆ ಸಿಯೆನಾವನ್ನು ಆಳಿದ್ದು ಒಂಬತ್ತು ಮಂದಿಯ ಮಂಡಲಿ. ಸದಸ್ಯರು ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದರು. ಅವರಲ್ಲಿ ವರ್ತಕರೂ ಲೇವಾದೇವಿಗಾರರೂ ಪ್ರಮುಖರು. ಹಳೆಯ ಶ್ರೀಮಂತ ಮನೆತನಗಳಿಗೆ ಅಲ್ಲಿ ಸ್ಥಾನವಿರಲಿಲ್ಲ, ಸಾಮಾನ್ಯ ಕುಶಲಕರ್ಮಿಗಳಿಗೂ ಇರಲಿಲ್ಲ. ಉಜ್ಜುಗೊರಡಿನ ಸಮತೆಯನ್ನು ಬರೆಯಿಸಿದವರ ಅಧಿಕಾರವೇ ಸಮವಾಗಿ ಹಂಚಿಹೋಗಿರಲಿಲ್ಲ. ಸುರಾಜ್ಯದ ನಗರದಲ್ಲಿ ಕುಣಿತವಿದೆ, ಅಂಗಡಿಗಳಿವೆ, ಶಿಷ್ಯರಿಗೆ ಪಾಠ ಹೇಳುವ ಉಪಾಧ್ಯಾಯನಿದ್ದಾನೆ. ಆದರೆ ನಗರದ್ವಾರದಾಚೆ ಹಾರುತ್ತಿರುವ 'ಸುರಕ್ಷೆ'ಯ ಕೈಯಲ್ಲಿ ನೇಣಿಗೇರಿದವನೊಬ್ಬನಿದ್ದಾನೆ. ಆ ನೆಮ್ಮದಿಗೆ ತೆತ್ತ ಬೆಲೆಯನ್ನು ಕಲಾವಿದನು ಮರೆಮಾಚಿಲ್ಲ.

ಹಾಗಾದರೆ ಇದು ಆಳುವವರ ಆತ್ಮಪ್ರಶಂಸೆಯೇ? ಪ್ರಶಂಸೆಯ ಅಂಶ ಇದೆಯೆಂಬುದು ನಿರ್ವಿವಾದ. ಆದರೆ ಕೇವಲ ಪ್ರಶಂಸೆಯಾಗಿದ್ದರೆ, ಕೈಕಾಲು ಕಟ್ಟಿ ಕೆಡವಿದ ನ್ಯಾಯದ ಚಿತ್ರವು ಅವರು ನಿತ್ಯ ಕೂಡುವ ಕೋಣೆಯಲ್ಲಿ ಏಕಿರಬೇಕಿತ್ತು? ಚಿತ್ರದ ಕೆಳಗಿನ ಪದ್ಯಗಳನ್ನು ಲ್ಯಾಟಿನ್ನಿನಲ್ಲಿ ಬರೆಯದೆ ಜನರಾಡುವ ಇಟಾಲಿಯನ್ನಿನಲ್ಲಿ ಬರೆದುದೂ ಗಮನಾರ್ಹ. ಆಳುವವರನ್ನು ಅಳೆಯುವ ಅಳತೆಗೋಲು ಹೀಗೆ ಓದಬಲ್ಲವರೆಲ್ಲರಿಗೂ ಎಟುಕುವಂತಾಯಿತು.

1348ರ ಮಹಾಮಾರಿ ನಗರವನ್ನು ಬರಿದುಮಾಡಿತು. 1355ರಲ್ಲಿ ಶ್ರೀಮಂತರೂ ಜನಸಾಮಾನ್ಯರೂ ಕೂಡಿ ಒಂಬತ್ತರ ಆಳ್ವಿಕೆಯನ್ನು ಕೊನೆಗಾಣಿಸಿದರು. ಬರೆಯಿಸಿದವರು ಹೋದರು, ಗೋಡೆ ಉಳಿಯಿತು. ಆದರ್ಶವನ್ನು ತಮ್ಮ ಮನೆಯ ಗೋಡೆಯ ಮೇಲೆ ಬರೆಯಿಸಿಕೊಂಡವರು ಮೊದಲು ಅದರಿಂದಲೇ ಪರೀಕ್ಷಿತರಾಗಬೇಕಾಗುತ್ತದೆ. ಚಿತ್ರವನ್ನು ಅದರ ಕಾಲದಲ್ಲಿಟ್ಟು ನೋಡಿದಾಗ ದೊರೆಯುವ ಅರ್ಥ ಇದೇ.