ದಕ್ಕೆಗೆ ಬಾರದ ಮೀನಿನ ಲೆಕ್ಕ

ಪೆಸಿಫಿಕ್ ಸಾಗರದ ಅಮೆರಿಕನ್ ಸಮೋವಾದಲ್ಲಿ 1950ರಿಂದ 2002ರವರೆಗೆ ಜನ ಹವಳದ ದಿಬ್ಬಗಳಲ್ಲಿ ಹಿಡಿದ ಮೀನು, ಸರ್ಕಾರಿ ದಾಖಲೆಯಲ್ಲಿ ಇರುವುದಕ್ಕಿಂತ 17 ಪಟ್ಟು ಹೆಚ್ಚು. ಮೀನುಗಾರಿಕಾ ವಿಜ್ಞಾನಿಗಳಾದ ಡಿರ್ಕ್ ಝೆಲ್ಲರ್, ಡೇನಿಯಲ್ ಪೌಲಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಮರುಲೆಕ್ಕವಿದು. ಮೊದಲ ಓದಿಗೆ ನಂಬುವುದು ಕಷ್ಟ. ಲೆಕ್ಕ ಹುಟ್ಟಿದ ಬಗೆಯನ್ನು ನೋಡಿದರೆ ಅರ್ಧ ನಂಬಿಕೆ ಬರುತ್ತದೆ, ಇನ್ನರ್ಧ ಪ್ರಶ್ನೆಯಾಗಿಯೇ ಉಳಿಯುತ್ತದೆ.

ಪೌಲಿಯವರ ಮೂಲ ವಾದ ಗಟ್ಟಿಯಾದದ್ದು. ಮಾಹಿತಿ ಸಿಗದ ಕಡೆ ಅಧಿಕಾರಿ ಕಾಲಮ್ಮನ್ನು ಖಾಲಿ ಬಿಡುತ್ತಾನೆ. ಆ ಖಾಲಿ ಜಾಗ ಕಚೇರಿಯಿಂದ ಕಚೇರಿಗೆ ಸಾಗಿ ರೋಮಿನಲ್ಲಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಪಟ್ಟಿ ಸೇರುವಷ್ಟರಲ್ಲಿ ಸೊನ್ನೆಯಾಗಿರುತ್ತದೆ. ಸೊನ್ನೆಯೂ ಒಂದು ಅಂದಾಜೇ, ಅದೂ ಖಂಡಿತ ತಪ್ಪೆಂದು ಎಲ್ಲರಿಗೂ ಗೊತ್ತಿರುವ ಅಂದಾಜು. ದ್ವೀಪಗಳಲ್ಲಿ ಈ ತಪ್ಪು ಇನ್ನೂ ದೊಡ್ಡದು, ಏಕೆಂದರೆ ಮೀನು ದಕ್ಕೆಗೆ ಬರುವುದೇ ಇಲ್ಲ. ಇಳಿತದ ಹೊತ್ತಿಗೆ ಹೆಂಗಸರು, ಮಕ್ಕಳು ದಿಬ್ಬದ ಮೇಲೆ ನಡೆದು ಅಷ್ಟಪದಿ, ಚಿಪ್ಪು ಹೆಕ್ಕುತ್ತಾರೆ. ಸಂಜೆಗೆ ಅದು ಅಡುಗೆಯಾಗುತ್ತದೆ. ಹರಾಜಿಲ್ಲ, ರಸೀದಿಯಿಲ್ಲ, ಬರೆದುಕೊಳ್ಳುವ ಗುಮಾಸ್ತನೂ ಇಲ್ಲ.

ಮರುಲೆಕ್ಕದ ವಿಧಾನ ಹೀಗೆ: ಯಾವುದೋ ವರ್ಷ ನಡೆದ ತೀರದ ಸಮೀಕ್ಷೆಯನ್ನು ಹುಡುಕಿ, ತಲೆಗೆ ಎಷ್ಟು ಮೀನು ಎಂದು ತೆಗೆದು, ಜನಗಣತಿಯಿಂದ ಗುಣಿಸುವುದು. ಎರಡು ಸಮೀಕ್ಷೆಗಳ ನಡುವಿನ ವರ್ಷಗಳಿಗೆ ಗೆರೆ ಎಳೆಯುವುದು. ಆದರೆ ಅಮೆರಿಕನ್ ಸಮೋವಾದ ಮೀನು ಗೆರೆಯ ಮಾತು ಕೇಳುವುದಿಲ್ಲ. ಅಲ್ಲಿ ‘ಅಟುಲೆ’ ಎಂಬ ಮೀನಿನ ಹಿಂಡು ಒಂದು ವರ್ಷ ಕೊಲ್ಲಿ ತುಂಬಿ ಬರುತ್ತದೆ, ಊರಿಗೆ ಊರೇ ಬಲೆ ಹಿಡಿದು ನೀರಿಗಿಳಿಯುತ್ತದೆ. ಮತ್ತೊಂದು ವರ್ಷ ಹೇಳಿಕೊಳ್ಳುವಷ್ಟೂ ಬರುವುದಿಲ್ಲ. ಸಮೀಕ್ಷೆ ಯಾವ ವರ್ಷ ನಡೆಯಿತು ಎಂಬುದರ ಮೇಲೆ ಮುಂದಿನ ಹತ್ತು ವರ್ಷಗಳ ಲೆಕ್ಕವೇ ವಾಲಬಹುದು.

ಇನ್ನೊಂದು ತಕರಾರು ನನಗೆ ಹೆಚ್ಚು ಮುಖ್ಯ. ಅದೇ ಅಧ್ಯಯನ ಹೇಳುವಂತೆ ಆ 52 ವರ್ಷಗಳಲ್ಲಿ ಹಿಡಿತ 79 ಶೇಕಡಾ ಕುಸಿಯಿತು. ಮೀನು ಮುಗಿಯಿತೇ, ಹಿಡಿಯುವವರು ಹೋದರೇ? 1950ರಲ್ಲಿ 19 ಸಾವಿರದಷ್ಟಿದ್ದ ಜನಸಂಖ್ಯೆ 2000ಕ್ಕೆ 57 ಸಾವಿರ ದಾಟಿತ್ತು. ಆದರೆ ಈ ನಡುವೆ ಪಾಗೊ ಪಾಗೊದಲ್ಲಿ ಟ್ಯೂನಾ ಡಬ್ಬಿ ಕಾರ್ಖಾನೆಗಳು ಬಂದವು, ಸರ್ಕಾರಿ ನೌಕರಿ ಬಂತು, ಅಂಗಡಿಯ ಆಮದು ಆಹಾರ ಬಂತು. ಸಂಬಳದವನು ಇಳಿತಕ್ಕಾಗಿ ಕಾಯುವುದಿಲ್ಲ. ಹಿಡಿತ ಇಳಿದದ್ದನ್ನು ದಿಬ್ಬ ಬರಿದಾದದ್ದಕ್ಕೆ ಸಾಕ್ಷಿಯೆಂದು ಓದುವುದು ಅವಸರದ ತೀರ್ಮಾನ. ಹಿಡಿತದಿಂದ ಕಡಲ ಸಂಪತ್ತನ್ನು ಅಳೆಯಬಹುದೇ ಎಂದು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪೌಲಿ ಒಂದು ಕಡೆ, ರೇ ಹಿಲ್ಬಾರ್ನ್ ಮತ್ತು ಟ್ರೆವರ್ ಬ್ರಾಂಚ್ ಇನ್ನೊಂದು ಕಡೆ ನಿಂತು ವಾದಿಸಿದ್ದರು. ದ್ವೀಪಗಳ ಮಟ್ಟಿಗಾದರೂ ನನ್ನ ಮತ, ಹಿಡಿತವೊಂದರಿಂದಲೇ ಅಳೆಯಲಾಗದು ಎನ್ನುವ ಹಿಲ್ಬಾರ್ನ್ ಕಡೆಗೆ.

2016ರಲ್ಲಿ ಪೌಲಿ, ಝೆಲ್ಲರ್ ಇದೇ ವಿಧಾನವನ್ನು ಜಗತ್ತಿಗೆಲ್ಲ ಹಬ್ಬಿಸಿದರು. 1996ರ ಶಿಖರ ವರ್ಷದ ಹಿಡಿತ ಎಫ್‌ಎಒ ಹೇಳುವ 8.6 ಕೋಟಿ ಟನ್ ಅಲ್ಲ, 13 ಕೋಟಿ ಎಂದರು. ಅವರ ಮೊತ್ತದಲ್ಲಿ ಹಿಡಿದು ಕಡಲಿಗೇ ಎಸೆದ ಮೀನೂ ಸೇರಿದೆ. ದೇಶಗಳಿಂದ ಎಫ್‌ಎಒ ಅದನ್ನು ಕೇಳುವುದೇ ಇಲ್ಲ. ಹೀಗಾಗಿ ಎರಡು ಅಂಕಿಗಳ ಅಂತರವೆಲ್ಲ ಮುಚ್ಚಿಟ್ಟ ಮೀನಲ್ಲ. ಮಾಹಿತಿ ತೀರ ದುರ್ಬಲವಾದ ಕಡೆ 50 ಶೇಕಡಾ ಹೆಚ್ಚು ಕಡಿಮೆ ಇರಬಹುದೆಂದು ಅವರೇ ಒಪ್ಪಿದ್ದಾರೆ. ಅಧಿಕೃತ ಅಂಕಿಯೇ 17 ಪಟ್ಟು ತಪ್ಪಬಹುದಾದ ಕ್ಷೇತ್ರದಲ್ಲಿ ಈ 50 ತುಸು ಜಿಪುಣತನದ್ದು.

1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ, ಲಕ್ಷದ್ವೀಪದ ಅಮೀನಿ, ಕಡಮತ್, ಕಿಲ್ತಾನ್ ದ್ವೀಪಗಳತ್ತ ನೋಡಿದರೆ ವಿಧಾನದ ಮಿತಿ ಇನ್ನಷ್ಟು ಸ್ಪಷ್ಟ. ಲಕ್ಷದ್ವೀಪದವರು ಟ್ಯೂನಾವನ್ನು ಕೋಲಿನ ಗಾಳದಲ್ಲಿ ಹಿಡಿಯುತ್ತಾರೆ. ಅದಕ್ಕೆ ಮೊದಲು ಲಗೂನಿನಲ್ಲಿ ಸಣ್ಣ ಮೀನನ್ನು ಬಲೆಯಲ್ಲಿ ಹಿಡಿದು, ದೋಣಿಯ ತೊಟ್ಟಿಯಲ್ಲಿ ಜೀವಂತ ಇಟ್ಟು, ಹಿಂಡು ಕಂಡಾಗ ಎರಚಬೇಕು. ಆ ಸಣ್ಣ ಮೀನು ಮಾರಾಟಕ್ಕೂ ಇಲ್ಲ, ಊಟಕ್ಕೂ ಇಲ್ಲ. ದಡಕ್ಕೆ ಬರುವುದು ಟ್ಯೂನಾ ಮಾತ್ರ. ತಲೆ ಎಣಿಸಿ ಗುಣಿಸಿದರೆ ಇದು ಸಿಗದು. ಟ್ಯೂನಾ ದೋಣಿಗೆ ಎಷ್ಟು ಎರೆ ಎಂದು ಅಲ್ಲಿಯ ಮೀನುಗಾರರನ್ನೇ ಕೇಳಬೇಕು. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) ಪ್ರತಿವರ್ಷ ಕೊಡುವ ದೊಡ್ಡ ಮೊತ್ತವಂತೂ ಮುಖ್ಯಭೂಮಿಯ ಕರಾವಳಿಯದ್ದು.

ಇಷ್ಟಾದರೂ ಸೊನ್ನೆಗಿಂತ ಮರುಲೆಕ್ಕವೇ ಮೇಲು. ದಿಬ್ಬದ ಮೇಲೆ ಹೆಕ್ಕುವ ಹೆಂಗಸರನ್ನು ಅಂಕಿಅಂಶದ ಒಳಗೆ ತಂದದ್ದು ಸಣ್ಣ ಕೆಲಸವಲ್ಲ. ಆದರೆ ಅದನ್ನು ಉಲ್ಲೇಖಿಸುವವರು ‘17 ಪಟ್ಟು’ ಎಂದು ಬರೆದು ನಿಲ್ಲಿಸದೆ, ಆ 50 ಚಿಲ್ಲರೆ ವರ್ಷಗಳಲ್ಲಿ ಅಳೆದದ್ದೆಷ್ಟು, ಗೆರೆ ಎಳೆದದ್ದೆಷ್ಟು ಎಂಬುದನ್ನೂ ಪಕ್ಕದಲ್ಲೇ ಬರೆಯಲಿ.