ಕೇಳಲು ನಾಚದ ಬೀದಿ

ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ತರಬೇತಿ ಕೇಂದ್ರಗಳು ತುಂಬಿರುವ ಅಮೀರ್‌ಪೇಟ್ ಹೆಸರು ಹೇಳಿದರೆ ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಒಂದು ಬಗೆಯ ಕಿರುನಗೆ ಮೂಡುತ್ತದೆ. ಎರಡೇ ತಿಂಗಳಲ್ಲಿ ಜಾವಾ, ಜೆರಾಕ್ಸ್ ಪುಸ್ತಕ, ಬಾಯಿಪಾಠ ಮಾಡಿದ ಇಂಟರ್‌ವ್ಯೂ ಉತ್ತರ, ಮಾಡದ ಕೆಲಸಕ್ಕೊಂದು ಅನುಭವಪತ್ರ: ಆ ನಗೆಯ ಹಿಂದಿರುವುದು ಇಷ್ಟು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಷ್ಟಕ್ಕೇ ನಕ್ಕು ಮುಂದೆ ಹೋದರೆ, ಅಲ್ಲಿನ ಮೈತ್ರಿವನಂ ಕಟ್ಟಡದ ಸುತ್ತಮುತ್ತ ಕಾಲು ಶತಮಾನದಿಂದ ನಡೆದುಬಂದಿರುವ ಒಂದು ದೊಡ್ಡ ಪ್ರಯೋಗ ಕಣ್ಣು ತಪ್ಪಿಸಿಕೊಳ್ಳುತ್ತದೆ. ಕಾಲೇಜಿನಲ್ಲಾಗಲಿ ಕಚೇರಿಯಲ್ಲಾಗಲಿ ‘ನನಗಿದು ಗೊತ್ತಿಲ್ಲ’ ಎನ್ನುವುದು ಮರ್ಯಾದೆ ಕಳೆಯುವ ಮಾತು. ಅಮೀರ್‌ಪೇಟ್ ಅದಕ್ಕೊಂದು ದರ ಕಟ್ಟಿತು. ದುಡ್ಡು ಕೊಟ್ಟು ಕೇಳುವುದಕ್ಕೆ ನಾಚಿಕೆ ಏಕೆ? ಕಡಿಮೆ ಹೊತ್ತಿನಲ್ಲಿ ಹೆಚ್ಚು ಕೆಲಸ ತೆಗೆಯುವ ಈ ಬೀದಿಯ ಗುಟ್ಟು, ಕೇಳುವುದನ್ನು ಸಲೀಸು ಮಾಡಿದ್ದರಲ್ಲಿದೆ ಎಂಬುದು ನನ್ನ ವಾದ. ಎಲ್ಲಿ ಕೇಳುವುದು ಎಲ್ಲರೆದುರು ನಡೆಯಿತೋ ಅಲ್ಲಿ ಈ ಪದ್ಧತಿ ಗೆದ್ದಿದೆ. ಎಲ್ಲಿ ಕದ್ದು ನಡೆಯಬೇಕಾಯಿತೋ ಅಲ್ಲಿ ಸೋತಿದೆ. ಆ ಸೋಲಿನಲ್ಲಿ ಅಮೀರ್‌ಪೇಟಿನಷ್ಟೇ ಪಾಲು ಕಚೇರಿಗಳಿಗೂ ಸಲ್ಲಬೇಕು.

1998ರ ನವೆಂಬರಿನಲ್ಲಿ ಮಾದಾಪುರದ ಸೈಬರ್ ಟವರ್ಸ್ ಉದ್ಘಾಟನೆಯಾಗಿ ಹೈದರಾಬಾದು ಐಟಿ ನಗರಗಳ ಸಾಲಿಗೆ ಬಂದು ನಿಂತಿತು. ಅದೇ ಹೊತ್ತಿಗೆ, 2000ನೇ ಇಸವಿಯ ತಾರೀಖಿನ ತೊಡಕು ಬಿಡಿಸಲು ಅಮೆರಿಕದ ಕಂಪನಿಗಳು ಹಳೆಯ ಮೇನ್‌ಫ್ರೇಮ್ ಮತ್ತು ಕೋಬಾಲ್ ಬಲ್ಲವರನ್ನು ಹುಡುಕುತ್ತಿದ್ದವು. ಎಂಜಿನಿಯರಿಂಗ್ ಕಾಲೇಜಿನ ಪಠ್ಯಕ್ರಮ ಬದಲಾಗಲು ವರ್ಷಗಟ್ಟಲೆ ಸಭೆಗಳು ಬೇಕು. ಅಮೀರ್‌ಪೇಟಿನಲ್ಲಿ ಫ್ಲೆಕ್ಸ್ ಬದಲಾಗಲು ಒಂದು ರಾತ್ರಿ ಸಾಕು. ಮೇನ್‌ಫ್ರೇಮ್ ಹೋಗಿ ಜಾವಾ, ಡಾಟ್‌ನೆಟ್ ಬಂದವು, ಟೆಸ್ಟಿಂಗ್ ಬಂತು, ಸ್ಯಾಪ್ ಬಂತು, ಆಮೇಲೆ ಡೆವ್‌ಆಪ್ಸ್, ಡೇಟಾ ಸೈನ್ಸ್. ಚೀನಾ ಮೂಲದ ಮಾನವಶಾಸ್ತ್ರಜ್ಞ ಷಿಯಾಂಗ್ ಬಿಯಾವೊ ಹೈದರಾಬಾದ್ ಮತ್ತು ಸಿಡ್ನಿಗಳಲ್ಲಿ ಕ್ಷೇತ್ರಕಾರ್ಯ ಮಾಡಿ 2007ರಲ್ಲಿ ಪ್ರಕಟಿಸಿದ ‘ಗ್ಲೋಬಲ್ ಬಾಡಿ ಶಾಪಿಂಗ್’ ಪುಸ್ತಕ, ಆಂಧ್ರದ ಹಳ್ಳಿಯ ವರದಕ್ಷಿಣೆಯ ದುಡ್ಡು ತರಬೇತಿಯ ಶುಲ್ಕವಾಗಿ, ಏಜೆಂಟನ ಕಮಿಷನ್ನಾಗಿ, ವೀಸಾ ಆಗಿ ಮಾರ್ಪಡುವ ಸರಪಳಿಯನ್ನು ಬಿಡಿಸಿಟ್ಟಿತು. ಅದು ಒಳ್ಳೆಯ ಕೆಲಸ. ಆದರೆ ಆ ಪುಸ್ತಕದ ಮುಖ್ಯ ಕಾಳಜಿ ದುಡ್ಡಿನ ಮತ್ತು ದುಡಿಯುವವರ ಹರಿವು. ತರಗತಿಯ ಬಾಗಿಲು ಮುಚ್ಚಿದ ಮೇಲೆ ಒಳಗೆ ಏನು ನಡೆಯುತ್ತದೆ ಎಂಬುದಕ್ಕೂ ಅಷ್ಟೇ ಗಮನ ಸಲ್ಲಬೇಕಿದೆ.

ಒಳಗೆ ನಡೆಯುವುದು ಹೀಗೆ. ಮೊದಲ ಎರಡು ಮೂರು ದಿನ ಡೆಮೊ ಕ್ಲಾಸ್, ಪುಕ್ಕಟೆ. ಪಾಠ ತಲೆಗೆ ಹೋಗದಿದ್ದರೆ ಹುಡುಗ ಎದ್ದು ಎದುರಿನ ಮೆಟ್ಟಿಲು ಹತ್ತುತ್ತಾನೆ. ಹೀಗೆ ಮೇಷ್ಟ್ರನ್ನು ಪರೀಕ್ಷಿಸಿ ಆರಿಸುವ ಹಕ್ಕು ನಮ್ಮ ಯಾವ ವಿಶ್ವವಿದ್ಯಾಲಯದ ವಿದ್ಯಾರ್ಥಿಗಿದೆ? ಒಬ್ಬ ಫ್ಯಾಕಲ್ಟಿ ಒಂದೇ ವಿಷಯವನ್ನು ಬೆಳಗಿನ ಏಳರ ಬ್ಯಾಚಿಗೂ ಸಂಜೆಯ ಬ್ಯಾಚಿಗೂ ಹೇಳುತ್ತ, ಮುಗಿದರೆ ಮತ್ತೆ ಮೊದಲಿನಿಂದ ಶುರುಮಾಡುತ್ತ ವರ್ಷಗಳನ್ನೇ ಕಳೆದಿರುತ್ತಾನೆ. ಹೊಸದಾಗಿ ಕಲಿಯುವವನು ಎಲ್ಲಿ ಎಡವುತ್ತಾನೆಂಬುದು ಅವನಿಗೆ ಮುಂಚೆಯೇ ಗೊತ್ತು. ಅವನ ಮಾತನ್ನು ವಿದ್ಯಾರ್ಥಿಗಳು ಅಲ್ಲಲ್ಲೇ ಬರೆದುಕೊಳ್ಳುವುದು ‘ರನ್ನಿಂಗ್ ನೋಟ್ಸ್’. ಈ ಕೈಬರಹದ ನೋಟ್ಸ್ ಕೆಳಗಿನ ಜೆರಾಕ್ಸ್ ಅಂಗಡಿಗಳಲ್ಲಿ ಬೈಂಡ್ ಆಗಿ ಮಾರಾಟಕ್ಕೆ ಸಿಗುತ್ತದೆ. ನರೇಶ್ ಐಟಿ, ದುರ್ಗಾ ಸಾಫ್ಟ್‌ವೇರ್ ಸೊಲ್ಯೂಷನ್ಸ್‌ನಂಥ ಸಂಸ್ಥೆಗಳ ಹೆಸರು ಹೊತ್ತ ನೋಟ್ಸ್ ಹೈದರಾಬಾದ್ ಮೆಟ್ಟದವರ ಕೈಯಲ್ಲೂ ಇದೆ. ಇವುಗಳ ಭಾಷೆ ಒರಟು, ಕಾಗುಣಿತ ತಪ್ಪು, ಚಿತ್ರಗಳು ಸೊಟ್ಟ. ಆದರೂ ಬೇರೆ ಪುಸ್ತಕದಲ್ಲಿ ಸಿಗದ ಒಂದು ಗುಣ ಇವಕ್ಕಿದೆ: ವಿಷಯ ತಿಳಿದವನು ಹೇಳಿದ್ದನ್ನು ತಿಳಿಯದವನು ತನಗೆ ತಿಳಿದ ಹಾಗೆ ಬರೆದುಕೊಂಡದ್ದು ಇದು. ಹಿಂದಿನ ಬ್ಯಾಚಿನವನಿಗೆ ಎಲ್ಲಿ ಡೌಟು ಬಂತೋ ಅದು ಉತ್ತರದ ಸಮೇತ ಹಾಳೆಯ ಮೇಲೆ ಉಳಿದಿರುತ್ತದೆ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ, ಇದು ಉರುಹೊಡೆಯುವ ಕಲಿಕೆ ಎಂಬುದು. ಒಪ್ಪೋಣ. ಹಾಗೆಂದು ಉರುಹೊಡೆಯುವುದೇ ಕೆಟ್ಟದ್ದಲ್ಲ. ನಮ್ಮ ಹಳೆಯ ಕೂಲಿಮಠಗಳಲ್ಲಿ ಮಗ್ಗಿ ಹೇಳಿಸಿದ್ದೂ ಹಾಗೆಯೇ, ದೊಡ್ಡ ಹುಡುಗ ಚಿಕ್ಕವನಿಗೆ ಹೇಳಿಕೊಟ್ಟು. ಹುಡುಗರಿಂದಲೇ ಹುಡುಗರಿಗೆ ಕಲಿಸುವ ಈ ಕ್ರಮವನ್ನು ಮದರಾಸಿನಲ್ಲಿ ಬೆಳೆಸಿದ ಆಂಡ್ರೂ ಬೆಲ್ 1797ರಲ್ಲಿ ಅದನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಿದಾಗ, ಅಲ್ಲಿ ಅದು ಸುಧಾರಣೆ ಅನ್ನಿಸಿಕೊಂಡಿತು. ಅಮೀರ್‌ಪೇಟಿನಲ್ಲೂ ಪಾಠದ ಅರ್ಧಭಾಗ ತರಗತಿಯ ಹೊರಗೆ, ಎಸ್.ಆರ್. ನಗರದ ಹಾಸ್ಟೆಲ್ ಕೋಣೆಗಳಲ್ಲಿ ನಡೆಯುತ್ತದೆ. ಒಂದು ಕೋಣೆಯಲ್ಲಿ ಟೆಸ್ಟಿಂಗ್ ಕಲಿಯುವವನು, ಒರಾಕಲ್ ಕಲಿಯುವವನು, ಇಂಟರ್‌ವ್ಯೂನಲ್ಲಿ ಸೋತು ವಾಪಸು ಬಂದವನು ಒಟ್ಟಿಗೆ ಇರುತ್ತಾರೆ. ಆ ದಿನ ಕೇಳಿದ ಪ್ರಶ್ನೆಗಳು ರಾತ್ರಿ ಊಟದ ಹೊತ್ತಿಗೆ ಎಲ್ಲರ ಪ್ರಶ್ನೆಗಳಾಗಿರುತ್ತವೆ. ಬೀದರ್, ಕಲಬುರಗಿ, ರಾಯಚೂರಿನವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರು, ಬೆಂಗಳೂರಿಗೆ ಅದರ ನಾಲ್ಕೈದು ಪಟ್ಟು. ದೂರಕ್ಕಿಂತ ಮುಖ್ಯವಾದುದು ಭಾಷೆ. ತೆಲುಗು ಬೆರೆತ ಇಂಗ್ಲಿಷಿನಲ್ಲಿ ಪಾಠ ನಡೆಯುವ ಕಡೆ ಹರಕುಮುರುಕು ಇಂಗ್ಲಿಷಿನಲ್ಲಿ ಡೌಟು ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು ಬೆಂಗಳೂರಿನ ಕಂಪನಿಯ ಟ್ರೇನಿಂಗ್ ಹಾಲಿನಲ್ಲಿ ಬಾಯಿ ಮುಚ್ಚಿ ಕೂರುವುದಕ್ಕೆ ಅವನ ಬುದ್ಧಿಯ ಕೊರತೆ ಕಾರಣವಲ್ಲ.

ಹುಸಿ ಅನುಭವಪತ್ರದ ಬಗ್ಗೆ ಎರಡು ಮಾತು ಬೇಕಿಲ್ಲ. ಅದು ವಂಚನೆ, ಪ್ರಾಮಾಣಿಕವಾಗಿ ಕಲಿತವನ ಬಯೋಡೇಟಾದ ಮೇಲೂ ಅದು ಅನುಮಾನ ಬೀಳಿಸುತ್ತದೆ. ಅದಕ್ಕಿಂತ ತೊಡಕಿನದು ‘ಜಾಬ್ ಸಪೋರ್ಟ್’. ಕೆಲಸ ಸಿಕ್ಕಿದೆ, ಮಾಡಲು ಬರುತ್ತಿಲ್ಲ. ಗಂಟೆಗೋ ತಿಂಗಳಿಗೋ ಇಷ್ಟು ಎಂದು ಗೊತ್ತುಮಾಡಿಕೊಂಡು, ಬಲ್ಲವನೊಬ್ಬ ದೂರದಿಂದ ಸ್ಕ್ರೀನ್ ಹಂಚಿಕೊಂಡು ಆ ಕೆಲಸವನ್ನು ಹೇಳಿಕೊಡುತ್ತಾನೆ, ಅಥವಾ ತಾನೇ ಮಾಡಿಬಿಡುತ್ತಾನೆ. ಗಡಿಯಾರವೂ ಇದಕ್ಕೆ ಹೊಂದಿಕೊಂಡಿದೆ: ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತಾದಾಗ ಹೈದರಾಬಾದಿನಲ್ಲಿ ಬೇಸಿಗೆಯಾದರೆ ಸಂಜೆ ಆರೂವರೆ, ಚಳಿಗಾಲವಾದರೆ ಏಳೂವರೆ. ಹಗಲು ಪಾಠ ಹೇಳಿದವನು ರಾತ್ರಿ ಸಪೋರ್ಟ್ ಕೊಡುತ್ತಾನೆ. ಕೇಳುವವನ ಭಯಕ್ಕೂ ಲೆಕ್ಕವಿದೆ. 2017ರ ಜನವರಿಯಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಅಮೆರಿಕದಲ್ಲಿ ಎಚ್-1ಬಿ ವೀಸಾದವನು ಕೆಲಸ ಕಳೆದುಕೊಂಡರೆ ಇನ್ನೊಂದು ದಾರಿ ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ತಲೆಯ ಮೇಲೆ ಸಾಲ, ಕೈಯಲ್ಲಿ 60 ದಿನ ಇಟ್ಟುಕೊಂಡವನು ಮ್ಯಾನೇಜರನ ಮುಂದೆ ‘ನನಗಿದು ಗೊತ್ತಿಲ್ಲ’ ಎನ್ನುವುದುಂಟೆ?

ಇದು ಮೋಸ ಎಂಬ ಆಕ್ಷೇಪ ಸರಿಯಾದದ್ದೇ. ಗ್ರಾಹಕರ ಗುಟ್ಟಿನ ಮಾಹಿತಿ ಹೊರಗಿನವನ ಕಣ್ಣಿಗೆ ಬೀಳುತ್ತದೆ, ಅದಕ್ಕೆ ಯಾರೂ ಹೊಣೆಯಲ್ಲ. ಆದರೆ ನೀತಿಯ ಮಾತನ್ನು ಬದಿಗಿಟ್ಟು ದುಡಿಮೆಯ ಲೆಕ್ಕವನ್ನಷ್ಟೇ ಹಿಡಿದರೂ ಜಾಬ್ ಸಪೋರ್ಟ್ ನಷ್ಟದ ವ್ಯವಹಾರ. ಡೆನ್ಮಾರ್ಕಿನ ಗಣಕವಿಜ್ಞಾನಿ ಪೀಟರ್ ನೌರ್ 1985ರ ಒಂದು ಪ್ರಬಂಧದಲ್ಲಿ ಬೆಲೆಯುಳ್ಳ ಮಾತು ಹೇಳಿದ: ಪ್ರೋಗ್ರಾಮು ಎಂದರೆ ಬರೆದಿಟ್ಟ ಸಾಲುಗಳಷ್ಟೇ ಅಲ್ಲ, ಅದನ್ನು ಕಟ್ಟಿದವನ ತಲೆಯಲ್ಲಿ ಅದರ ಕಾರ್ಯಕಾರಣದ ಬಗ್ಗೆ ಇರುವ ತಿಳಿವಳಿಕೆ, ಆ ತಿಳಿವಳಿಕೆ ಇದ್ದ ಜನ ಚದುರಿದರೆ ಪ್ರೋಗ್ರಾಮು ಸತ್ತ ಹಾಗೆ. ಜಾಬ್ ಸಪೋರ್ಟಿನಲ್ಲಿ ಸಾಲುಗಳು ಕಚೇರಿಗೆ ತಲುಪುತ್ತವೆ, ತಿಳಿವಳಿಕೆ ಅಮೀರ್‌ಪೇಟಿನಲ್ಲೇ ಉಳಿಯುತ್ತದೆ. ಪಕ್ಕದ ಮನೆಯಿಂದ ದಿನಾ ಸಾರು ತರಿಸಿಕೊಂಡು ಉಂಡವನಿಗೆ ಅಡುಗೆ ಬಂದೀತೆ? ಮುಂದಿನ ತಿಂಗಳ ಬದಲಾವಣೆಗೆ ಮತ್ತೆ ಫೋನು, ಮತ್ತೆ ದುಡ್ಡು. ತರಗತಿಯಲ್ಲಿ ಕೇಳಿದ ಡೌಟಿನ ಫಲ ಹುಡುಗನ ನೋಟ್ಸಿಗೂ ಪಕ್ಕದವನ ನೋಟ್ಸಿಗೂ ಇಳಿಯುತ್ತಿತ್ತು. ಕದ್ದು ಕೇಳಿದ್ದು ಎಲ್ಲಿಗೂ ಇಳಿಯುವುದಿಲ್ಲ.

ಹಾಗಾದರೆ ಇನ್ನೊಬ್ಬನ ನೆರವಿನಿಂದ ಕೆಲಸ ಮಾಡುವುದೇ ತಪ್ಪೇ? ಕೆಂಟ್ ಬೆಕ್ 1999ರಲ್ಲಿ ಪ್ರಚಾರಕ್ಕೆ ತಂದ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಕ್ರಮದಲ್ಲಿ ಇಬ್ಬರು ಒಂದೇ ಪರದೆಯ ಮುಂದೆ ಕೂತು ಒಂದೇ ಕೆಲಸ ಮಾಡುವುದು ನಿಯಮ. ಯೂಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ಇದನ್ನು ಪ್ರಯೋಗಿಸಿ ನೋಡಿದಾಗ ಜೋಡಿಗಳಿಗೆ ಒಟ್ಟು ಸಮಯ ಸುಮಾರು ಶೇ 15ರಷ್ಟು ಹೆಚ್ಚು ಹಿಡಿಯಿತು, ದೋಷಗಳು ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ತಗ್ಗಿದವು. ಒಂದೇ ಪರದೆ, ಇಬ್ಬರು, ಒಬ್ಬನಿಗೆ ಹೆಚ್ಚು ಗೊತ್ತು. ಕಚೇರಿಯೊಳಗೆ ನಡೆದರೆ ಇದಕ್ಕೆ ಗೌರವ, ಅಮೀರ್‌ಪೇಟಿನಿಂದ ನಡೆದರೆ ಗುಮಾನಿ. 2022ರಲ್ಲಿ ಎರಡು ಕಡೆ ದುಡಿಯುವವರ ವಿವಾದ ಎದ್ದಾಗ ವಿಪ್ರೊ ಅಧ್ಯಕ್ಷ ರಿಶದ್ ಪ್ರೇಮ್‌ಜಿ ಅದನ್ನು ಮೋಸವೆಂದೇ ಕರೆದರು. ಅವರ ಕಂಪನಿಯಲ್ಲಿ 300 ಮಂದಿ ಕೆಲಸ ಕಳೆದುಕೊಂಡರು. ಸಂಬಳದ ಹೊತ್ತು ಮಾರಿಕೊಂಡವರ ಮೇಲೆ ಕಂಪನಿಗಳು ಕಣ್ಣಿಟ್ಟಿದ್ದು ಸರಿ. ಆದರೆ ಹೊಸಬನು ಮೇಲಿನವರನ್ನು ವಾರಕ್ಕೆಷ್ಟು ಸಲ ನಿರ್ಭಯವಾಗಿ ಕೇಳುತ್ತಾನೆ ಎಂಬುದನ್ನು ಅದೇ ಶ್ರದ್ಧೆಯಿಂದ ಅಳೆಯುವ ಕಂಪನಿ ಎಷ್ಟಿದ್ದೀತು? ಕೇಳುವವನ ಅಪ್ರೈಸಲ್‌ಗೆ ಪೆಟ್ಟು ಬೀಳುವಷ್ಟು ಕಾಲವೂ ಜಾಬ್ ಸಪೋರ್ಟಿಗೆ ಗಿರಾಕಿ ಇದ್ದೇ ಇರುತ್ತಾರೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಚರ್ಚೆಯೇ ಹಳತಾಯಿತು ಎನ್ನುವವರಿದ್ದಾರೆ. ಯಂತ್ರವನ್ನು ಎಷ್ಟು ಸಲ ಕೇಳಿದರೂ ಅದು ಬೇಸರಪಡುವುದಿಲ್ಲ, ಯಾರಿಗೂ ಹೇಳುವುದಿಲ್ಲ, ಶುಲ್ಕವೂ ಇಲ್ಲವೆನ್ನುವಷ್ಟು ಕಡಿಮೆ. ಅಮೀರ್‌ಪೇಟಿನ ದಂಧೆಗೆ ಅದು ದೊಡ್ಡ ಪೈಪೋಟಿ ಎನ್ನುವುದು ಸರಿ. ಆದರೆ ಯಾವ ಅರ್ಧಕ್ಕೆ ಪೈಪೋಟಿ ಎಂದು ನೋಡಬೇಕು. ಯಂತ್ರವನ್ನು ಗುಟ್ಟಾಗಿ ಕೇಳಿ, ಬಂದ ಸಾಲುಗಳನ್ನು ಓದದೆ ಕಚೇರಿಗೆ ಕಳಿಸುವವನು ಮಾಡುತ್ತಿರುವುದು ಜಾಬ್ ಸಪೋರ್ಟೇ, ರಾತ್ರಿ ಎದ್ದು ಕೂರುವ ಇನ್ನೊಬ್ಬ ಮನುಷ್ಯ ಇಲ್ಲ ಅಷ್ಟೆ. ನೌರ್ ಎತ್ತಿದ ತಕರಾರು ಅವನಿಗೂ ಅನ್ವಯಿಸುತ್ತದೆ. ಅಮೀರ್‌ಪೇಟಿನ ಇನ್ನೊಂದು ಅರ್ಧ, ಒಬ್ಬನ ಪ್ರಶ್ನೆ ಇಡೀ ಕೋಣೆಯ ಕಿವಿಗೆ ಬೀಳುವ ಏರ್ಪಾಡು, ಯಂತ್ರದಲ್ಲಿ ಇಲ್ಲ. 2020ರ ಕೊರೋನಾದ ನಂತರ ಬಹಳಷ್ಟು ಬ್ಯಾಚುಗಳು ಆನ್‌ಲೈನಿಗೆ ಹೋದವು, ಪಾಠಗಳು ಯೂಟ್ಯೂಬಿಗೆ ಏರಿದವು. ಫ್ಯಾಕಲ್ಟಿಯ ಮಾತು ಮೊದಲಿಗಿಂತ ಹೆಚ್ಚು ಜನಕ್ಕೆ, ಬೀದರಿನ ಹಳ್ಳಿಯಲ್ಲಿ ಕೂತವರಿಗೂ, ಪುಕ್ಕಟೆಯಾಗಿ ತಲುಪುತ್ತಿದೆ. ಇದು ಲಾಭವೇ, ಅದರಲ್ಲೂ ಹಾಸ್ಟೆಲಿನ ಖರ್ಚು ಭರಿಸಲಾಗದ ಹೆಣ್ಣುಮಕ್ಕಳಿಗೆ. ಆದರೆ ಪಾಠ ಯಾವತ್ತೂ ಈ ಬೀದಿಯ ಅಪರೂಪದ ಸರಕಾಗಿರಲಿಲ್ಲ. ಮುಂದಿನ ಬೆಂಚಿನವನು ಎದ್ದು ತಪ್ಪು ಇಂಗ್ಲಿಷಿನಲ್ಲಿ ಡೌಟು ಕೇಳುತ್ತಿದ್ದ, ಅದೇ ಡೌಟಿದ್ದೂ ಬಾಯಿ ಬಿಡದ ಇಪ್ಪತ್ತು ಜನ ಉತ್ತರ ಬರೆದುಕೊಳ್ಳುತ್ತಿದ್ದರು. ಶುಲ್ಕದಲ್ಲಿ ದೊಡ್ಡ ಪಾಲು ಸಲ್ಲುತ್ತಿದ್ದುದು ಅದಕ್ಕೇ. ಈಗಿನ ಆನ್‌ಲೈನ್ ಪ್ಯಾಕೇಜುಗಳಲ್ಲಿ ಕಾಣದಿರುವುದೂ ಅದೇ.