ಮೂವತ್ತೆಂಟು ರೂಪಾಯಿಯ ಲೆಕ್ಕ

ಅವಿಭಜಿತ ದಕ್ಷಿಣ ಕನ್ನಡದ ಬ್ಯಾಂಕುಗಳ ಚರಿತ್ರೆಯನ್ನು ಜಾತಿವಾರು ಹಂಚಿ ಹೇಳುವುದು ವಾಡಿಕೆ. ಹಾಗಾಗಿ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ, ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎನಿಸಿದ ಸಂಸ್ಥೆ ಮುಸ್ಲಿಮರ ಪಾಲಿಗೆ ಬರುತ್ತದೆ. ಮೂಡುಬಿದಿರೆಯಂಥ ಊರುಗಳ ಸೌಹಾರ್ದ ಸಭೆಗಳಲ್ಲಿ ಸಾಹೇಬರ ಹೆಸರು ಕೇಳುತ್ತೇವೆ. ಅವರ ಕೆಲಸದ ವಿಚಾರ ಕೇಳುವುದಿಲ್ಲ.

ಮೊದಲ ದಿನ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಯನ್ನೂ ಬರೆದಿಟ್ಟದ್ದರಲ್ಲೇ ಉದ್ದೇಶವಿದೆ: ಜಾತಿಮತ ನೋಡದೆ ಎಲ್ಲರಿಗೂ ಉಳಿತಾಯದ ರೂಢಿ. ಬಡ್ಡಿಯನ್ನು ಹರಾಮೆನ್ನುವ ಧರ್ಮದ ಹಾಜಿಯೊಬ್ಬರು ಬ್ಯಾಂಕು ತೆರೆದ ಇಕ್ಕಟ್ಟನ್ನು ನಾವೂ ಚರ್ಚಿಸಿಲ್ಲ; ನಮಗೆ ಹೆಮ್ಮೆಯಷ್ಟೇ ಸಾಕಾಗಿದೆ.

2020ರ ಏಪ್ರಿಲ್ 1ರಂದು ಆ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಫಲಕ ಇಳಿದ ಮೇಲೆ ಉಳಿಯುವುದು ನಾವು ಹೇಳುವ ಕತೆ. ಅದನ್ನಾದರೂ ಪೈಸಾ ಪೈಸಾ ಲೆಕ್ಕವಿಟ್ಟು ಹೇಳೋಣ.